ಪ್ರಾದೇಶಿಕ ವಸ್ತುಸಂಗ್ರಹಾಲಯದ ಕಲಾಪ್ರದರ್ಶನಗಳು: ಪದೇ ಪದೇ ಕೇಳುವ ಪ್ರಶ್ನೆಗಳು

ಪ್ರದರ್ಶನ ನೋಡಿ ಹೊರಬರುವವರು ಬಾಗಿಲ ಬಳಿ ನಿಂತು ಕೇಳಿದ, ಕೆಲವರು ಮನೆಗೆ ಹೋದ ಮೇಲೆ ಪತ್ರದಲ್ಲಿ ಬರೆದು ಕಳಿಸಿದ, ಮಕ್ಕಳನ್ನು ಕರೆತಂದ ಶಿಕ್ಷಕರು ಎತ್ತಿದ ಪ್ರಶ್ನೆಗಳಲ್ಲಿ ಮತ್ತೆ ಮತ್ತೆ ಎದುರಾಗುವಂಥವನ್ನು ಇಲ್ಲಿ ಒಟ್ಟುಗೂಡಿಸಲಾಗಿದೆ. ಸಾಧ್ಯವಾದ ಮಟ್ಟಿಗೆ ಅವುಗಳನ್ನು ಕೇಳಿದವರ ಮಾತಿನಲ್ಲಿಯೇ ಉಳಿಸಿಕೊಂಡಿದ್ದೇವೆ. ಹಲವು ಪ್ರಶ್ನೆಗಳ ಹಿಂದೆ ಸಣ್ಣದೊಂದು ಬೇಸರವಿದೆ: ಬೆಳಕು ಸಾಲದು, ನೋಡಬೇಕೆಂದು ಬಂದ ಚಿತ್ರ ಗೋಡೆಯ ಮೇಲಿಲ್ಲ, ಹತ್ತಿರ ಹೋದರೆ ಕಾವಲಿನವರು ತಡೆಯುತ್ತಾರೆ. ಆ ಬೇಸರ ನ್ಯಾಯವಾದದ್ದು. ಕೃತಿಯನ್ನು ಇಂದಿನವರಿಗೆ ತೋರಿಸಬೇಕು ಮತ್ತು ಮುಂದಿನವರಿಗೆ ಉಳಿಸಬೇಕು ಎಂಬ ಎರಡು ಹೊಣೆಗಳು ಒಂದೇ ಕೋಣೆಯಲ್ಲಿ ಮುಖಾಮುಖಿಯಾಗುವುದರಿಂದಲೇ ಈ ನಿಯಮಗಳಲ್ಲಿ ಹೆಚ್ಚಿನವು ಹುಟ್ಟಿಕೊಂಡಿವೆ.

## ಮೊದಲ ಭೇಟಿಯ ಪ್ರಶ್ನೆಗಳು

ವಸ್ತುಸಂಗ್ರಹಾಲಯ ಅಂದರೆ ಹಳೆಯ ಕತ್ತಿ, ನಾಣ್ಯ, ಮಡಕೆ ಅಲ್ಲವೇ? ಅಲ್ಲಿ ಕಲಾಪ್ರದರ್ಶನ ಯಾಕೆ?

ಅನೇಕ ಪ್ರಾದೇಶಿಕ ಸಂಗ್ರಹಾಲಯಗಳು ಉತ್ಖನನದಲ್ಲಿ ಸಿಕ್ಕ ವಸ್ತುಗಳು, ಆಯುಧಗಳು ಮತ್ತು ನಿತ್ಯಬಳಕೆಯ ಸಾಮಾನುಗಳಿಂದಲೇ ಆರಂಭವಾದವು. ಆದರೆ ಅಂತರರಾಷ್ಟ್ರೀಯ ವಸ್ತುಸಂಗ್ರಹಾಲಯ ಮಂಡಳಿಯು 2022ರ ಆಗಸ್ಟ್‌ನಲ್ಲಿ ಪ್ರಾಗ್ ನಗರದಲ್ಲಿ ಒಪ್ಪಿಕೊಂಡ ವ್ಯಾಖ್ಯೆಯು ಮೂರ್ತ ಮತ್ತು ಅಮೂರ್ತ ಪರಂಪರೆಯೆರಡನ್ನೂ ಸಂಶೋಧಿಸಿ, ಸಂಗ್ರಹಿಸಿ, ಸಂರಕ್ಷಿಸಿ, ಅರ್ಥೈಸಿ, ಪ್ರದರ್ಶಿಸುವುದನ್ನು ಸಂಗ್ರಹಾಲಯದ ಕೆಲಸವೆಂದು ಹೇಳುತ್ತದೆ. ಚಿತ್ರ, ಶಿಲ್ಪಗಳು ಅದರೊಳಗೆ ಸಹಜವಾಗಿಯೇ ಸೇರುತ್ತವೆ. ದೊಡ್ಡ ರಾಷ್ಟ್ರೀಯ ಗ್ಯಾಲರಿಯಲ್ಲಿ ನದಿಯ ಚಿತ್ರವೊಂದು ಬೇರೆ ಚಿತ್ರಗಳ ಸಾಲಿನಲ್ಲಿ ನಿಲ್ಲುತ್ತದೆ. ಪ್ರಾದೇಶಿಕ ಸಂಗ್ರಹಾಲಯದಲ್ಲಾದರೆ ಅದೇ ಚಿತ್ರವನ್ನು ಆ ನದಿಯ ಹಳೆಯ ನಕ್ಷೆ, ಅದರ ದಡದಲ್ಲಿ ಬಳಸುತ್ತಿದ್ದ ದೋಣಿಯ ಹುಟ್ಟು ಮತ್ತು ಪ್ರವಾಹದ ವರ್ಷದ ಛಾಯಾಚಿತ್ರಗಳ ಪಕ್ಕದಲ್ಲಿ ಇಡಬಹುದು. ಕಲಾವಿದ ಏನನ್ನು ಕಂಡ, ಏನನ್ನು ಬಿಟ್ಟ ಎಂಬುದು ಆಗ ಪ್ರೇಕ್ಷಕರ ಕಣ್ಣಿಗೇ ಗೋಚರಿಸುತ್ತದೆ. ಈ ಸಾಮೀಪ್ಯವೇ ಪ್ರಾದೇಶಿಕ ಸಂಗ್ರಹಾಲಯದ ನಿಜವಾದ ಬಲವೆಂದು ನಾವು ನಂಬಿದ್ದೇವೆ.

ಕಲೆಯ ಬಗ್ಗೆ ನಾನು ಏನೂ ಓದಿಲ್ಲ. ಬಂದರೆ ಅರ್ಥವಾದೀತೇ?

ಆಗುತ್ತದೆ. ಮೊದಲು ಯಾವ ಫಲಕವನ್ನೂ ಓದದೆ ಇಡೀ ಕೋಣೆಯನ್ನು ಒಂದು ಸುತ್ತು ನಡೆದು ಬನ್ನಿ. ಕಾಲು ತಾನಾಗಿ ನಿಂತ ಎರಡು ಮೂರು ಕೃತಿಗಳನ್ನು ನೆನಪಿಟ್ಟುಕೊಂಡು, ಎರಡನೆಯ ಸುತ್ತಿನಲ್ಲಿ ಅವುಗಳ ಮುಂದೆ ಮಾತ್ರ ಸಾಕಷ್ಟು ಹೊತ್ತು ನಿಲ್ಲಿ. ಬೆಳಕು ಎಲ್ಲಿಂದ ಬೀಳುತ್ತಿದೆ, ಕಲಾವಿದ ಎಲ್ಲಿ ನಿಂತು ನೋಡಿರಬಹುದು, ಯಾವ ಭಾಗವನ್ನು ಬೇಗಬೇಗ ಬರೆದು ಯಾವುದನ್ನು ನಿಧಾನವಾಗಿ ತಿದ್ದಿದ್ದಾನೆ ಎಂಬ ಪ್ರಶ್ನೆಗಳಿಗೆ ಉತ್ತರ ಚಿತ್ರದಲ್ಲಿಯೇ ಇರುತ್ತದೆ. ಫಲಕವನ್ನು ಆಮೇಲೆ ಓದಿದರೆ ಅದು ನಿಮ್ಮ ನೋಟಕ್ಕೆ ಪೂರಕವಾಗುತ್ತದೆ. ಮೊದಲೇ ಓದಿದರೆ ಎಷ್ಟೋ ವೇಳೆ ನಿಮ್ಮ ನೋಟದ ಜಾಗವನ್ನೇ ಆಕ್ರಮಿಸಿಕೊಳ್ಳುತ್ತದೆ.

ಅರ್ಧ ಗಂಟೆಯಲ್ಲೇ ಸುಸ್ತಾಗುತ್ತದೆ. ನನ್ನೊಬ್ಬನಿಗೇ ಹೀಗೋ?

ಖಂಡಿತ ಅಲ್ಲ. ಬೋಸ್ಟನ್ನಿನ ಕಲಾ ಸಂಗ್ರಹಾಲಯದಲ್ಲಿದ್ದ ಬೆಂಜಮಿನ್ ಐವ್ಸ್ ಗಿಲ್ಮನ್ 1916ರಲ್ಲಿಯೇ ಈ ಆಯಾಸವನ್ನು ಕುರಿತು ಬರೆದರು. ಕೆಳಗಿಟ್ಟ ವಸ್ತುವನ್ನು ನೋಡಲು ಬಗ್ಗುವುದು, ಎತ್ತರದ ಫಲಕ ಓದಲು ಕತ್ತು ಚಾಚುವುದು, ಗಾಜಿನ ಪ್ರತಿಫಲನ ತಪ್ಪಿಸಲು ಓರೆಯಾಗಿ ನಿಲ್ಲುವುದು ಮುಂತಾದ ಭಂಗಿಗಳ ಛಾಯಾಚಿತ್ರಗಳನ್ನು ಮುಂದಿಟ್ಟು, ದೋಷ ನೋಡುವವರದಲ್ಲ, ವಸ್ತುಗಳನ್ನು ಜೋಡಿಸಿದವರದು ಎಂದು ಅವರು ತೋರಿಸಿಕೊಟ್ಟರು. ಆದ್ದರಿಂದ ಕುಳಿತುಕೊಳ್ಳಲು ಆಸನವಿಲ್ಲದ ಪ್ರದರ್ಶನ ಕೋಣೆಯನ್ನು ನೀವು ಕಂಡರೆ ದಯವಿಟ್ಟು ಸಿಬ್ಬಂದಿಗೆ ತಿಳಿಸಿ. ಅಂಥ ದೂರು ಅಮೂಲ್ಯವಾದದ್ದು.

ಫೋಟೊ ತೆಗೆಯಬಹುದೇ? ಫ್ಲ್ಯಾಶ್ ಬೇಡ ಅನ್ನುವುದು ಯಾಕೆ?

ಸಂಗ್ರಹಾಲಯದ ಸ್ವಂತ ಕೃತಿಗಳನ್ನು ವೈಯಕ್ತಿಕ ಬಳಕೆಗೆ ಛಾಯಾಚಿತ್ರ ತೆಗೆಯಲು ಸಾಮಾನ್ಯವಾಗಿ ಅಡ್ಡಿ ಇರುವುದಿಲ್ಲ. ಎರವಲು ತಂದ ಕೃತಿಗಳ ವಿಷಯದಲ್ಲಿ ಮಾಲೀಕರ ಷರತ್ತು, ಬದುಕಿರುವ ಅಥವಾ ಇತ್ತೀಚೆಗೆ ತೀರಿಕೊಂಡ ಕಲಾವಿದರ ವಿಷಯದಲ್ಲಿ ಕೃತಿಸ್ವಾಮ್ಯ ಅಡ್ಡ ಬರಬಹುದು. ಫ್ಲ್ಯಾಶ್‌ನ ಒಂದು ಮಿಂಚಿನಿಂದ ಚಿತ್ರದ ಮೇಲೆ ಬೀಳುವ ಬೆಳಕಿನ ಮೊತ್ತ ತೀರ ಕಡಿಮೆ ಎಂಬುದನ್ನು ಪ್ರಾಮಾಣಿಕವಾಗಿ ಒಪ್ಪಿಕೊಳ್ಳಬೇಕು. ನಿಷೇಧಕ್ಕೆ ಹೆಚ್ಚು ಬಲವಾದ ಕಾರಣವೆಂದರೆ, ಮಂದ ಬೆಳಕಿಗೆ ಹೊಂದಿಕೊಂಡಿರುವ ಇತರರ ಕಣ್ಣುಗಳು ಆ ಮಿಂಚಿನಿಂದ ಕೆಲ ಹೊತ್ತು ಏನನ್ನೂ ಸರಿಯಾಗಿ ಕಾಣಲಾರವು.

ಕಲ್ಲಿನ ಶಿಲ್ಪವನ್ನು ಮುಟ್ಟಿದರೆ ಏನು ಹಾಳಾಗುತ್ತದೆ?

ಒಂದು ಸ್ಪರ್ಶದಿಂದ ಏನೂ ಕಾಣಿಸುವುದಿಲ್ಲ. ಸಾವಿರ ಸ್ಪರ್ಶಗಳಿಂದ ಮೂಗಿನ ತುದಿಯೇ ಸವೆದು ಹೋಗುತ್ತದೆ. ಚರ್ಮದ ಜಿಡ್ಡು ರಂಧ್ರಗಳುಳ್ಳ ಕಲ್ಲಿನೊಳಗೆ ಇಳಿದು ಧೂಳನ್ನು ಹಿಡಿದಿಟ್ಟುಕೊಳ್ಳುತ್ತದೆ, ಬೆವರಿನ ಲವಣಗಳು ಲೋಹವನ್ನು ತಿನ್ನುತ್ತವೆ, ಹೊಳಪಿನ ಕಂಚಿನ ಮೇಲೆ ಬಿದ್ದ ಬೆರಳಚ್ಚು ಕೆಲವೊಮ್ಮೆ ಶಾಶ್ವತವಾಗಿ ಕೊರೆದಂತೆ ಉಳಿಯುತ್ತದೆ. ಸಿಬ್ಬಂದಿ ಲೋಹವನ್ನು ಕೈಗವಸು ತೊಟ್ಟೇ ಹಿಡಿಯುವುದು ಇದಕ್ಕಾಗಿ. ಕಾಗದದ ಕೃತಿಗಳಿಗೆ ಮಾತ್ರ ತೊಳೆದು ಒಣಗಿಸಿದ ಬರಿಗೈಯೇ ವಾಸಿ, ಏಕೆಂದರೆ ದಪ್ಪ ಹತ್ತಿಯ ಗವಸಿನಲ್ಲಿ ಕಾಗದದ ಅಂಚು ಎಷ್ಟು ದುರ್ಬಲವಾಗಿದೆ ಎಂಬುದು ಬೆರಳಿಗೆ ತಿಳಿಯದೆ ಹರಿಯುವ ಅಪಾಯವಿದೆ. ದೃಷ್ಟಿದೋಷವುಳ್ಳ ಪ್ರೇಕ್ಷಕರಿಗಾಗಿ ಪ್ರತಿಕೃತಿಗಳನ್ನು, ಅಥವಾ ಆರಿಸಿದ ಕೆಲವು ಮೂಲ ಶಿಲ್ಪಗಳನ್ನು, ಮುಟ್ಟಿ ನೋಡುವ ವ್ಯವಸ್ಥೆ ಹಲವೆಡೆ ಇದೆ, ಮುಂಚಿತವಾಗಿ ಕೇಳಿಕೊಳ್ಳಿ.

## ಫಲಕವನ್ನು ಓದುವುದು

ಫಲಕದ ಮೇಲಿನ ಅಂಕಿಗಳಿಗೆಲ್ಲ ಅರ್ಥವಿದೆಯೇ?

ಪ್ರತಿ ಅಂಕಿಗೂ ಇದೆ. ಅಳತೆಯಲ್ಲಿ ರೂಢಿಯಂತೆ ಎತ್ತರ ಮೊದಲು, ಅಗಲ ಆಮೇಲೆ ಬರುತ್ತದೆ. ಆದ್ದರಿಂದ 60 × 90 ಸೆಂ.ಮೀ. ಎಂದಿದ್ದರೆ ಅದು ಅಡ್ಡಲಾಗಿ ಉದ್ದವಿರುವ ಚಿತ್ರ. 1986.12.3ರಂಥ ನೋಂದಣಿ ಸಂಖ್ಯೆಯಿದ್ದರೆ, ಸಾಮಾನ್ಯ ಪದ್ಧತಿಯಲ್ಲಿ ಅದು 1986ರಲ್ಲಿ ಸಂಗ್ರಹಕ್ಕೆ ಸೇರಿದ ಹನ್ನೆರಡನೆಯ ಗುಂಪಿನ ಮೂರನೆಯ ವಸ್ತುವೆಂದು ಅರ್ಥ. ಮುದ್ರಣಚಿತ್ರದ ಕೆಳಗೆ ಪೆನ್ಸಿಲಿನಲ್ಲಿ ಬರೆದ 12/50 ದಿನಾಂಕವಲ್ಲ: ಒಟ್ಟು ಐವತ್ತು ಪ್ರತಿಗಳ ಪೈಕಿ ಇದು ಹನ್ನೆರಡನೆಯದು. ಕೊನೆಯಲ್ಲಿ ‘ಕೊಡುಗೆ’ ಎಂದೋ ‘ಎರವಲು’ ಎಂದೋ ಇರುವ ಸಾಲನ್ನು ಬಹಳ ಜನ ಓದದೆ ಬಿಡುತ್ತಾರೆ. ಆದರೆ ಒಂದು ಪ್ರದೇಶದ ಸಂಗ್ರಹ ಯಾರ ಕೈಗಳಿಂದ ಬೆಳೆಯಿತು ಎಂಬ ಚರಿತ್ರೆ ಇರುವುದು ಆ ಸಾಲಿನಲ್ಲೇ.

ಕಲಾವಿದನ ಹೆಸರಿನ ಜೊತೆ ‘ಇವರದೆನ್ನಲಾದ’, ‘ಕಾರ್ಯಾಗಾರ’, ‘ವಲಯ’ ಅಂತೆಲ್ಲ ಬರೆಯುತ್ತಾರಲ್ಲ, ಅದೇನು?

ಅದು ಖಚಿತತೆಯ ಅಳತೆಗೋಲು. ಬರೀ ಹೆಸರಿದ್ದರೆ ಕೃತಿ ಆ ಕಲಾವಿದನದೇ ಎಂದು ಸಂಗ್ರಹಾಲಯ ಹೊಣೆ ಹೊತ್ತು ಹೇಳುತ್ತಿದೆ. ‘ಇವರದೆನ್ನಲಾದ’ ಎಂದರೆ ಸಾಧ್ಯತೆ ಬಲವಾಗಿದೆ, ಆದರೆ ಸಾಕ್ಷ್ಯ ಪೂರ್ಣವಾಗಿಲ್ಲ. ‘ಕಾರ್ಯಾಗಾರ’ ಎಂದರೆ ಗುರುವಿನ ಮೇಲ್ವಿಚಾರಣೆಯಲ್ಲಿ ಶಿಷ್ಯರು ಮಾಡಿದ್ದು. ‘ವಲಯ’ ಎಂದರೆ ಅದೇ ಕಾಲದಲ್ಲಿ ಆತನ ಪ್ರಭಾವಕ್ಕೆ ಒಳಗಾದ, ಶಿಷ್ಯನೆಂದು ಖಚಿತವಾಗಿ ಹೇಳಲಾಗದ ಒಬ್ಬರದು. ‘ಅನುಸರಿಸಿ’ ಎಂದರೆ ಮೂಲ ಕೃತಿಯೊಂದನ್ನು ನೋಡಿ ಬರೆದ ನಕಲು, ಅದು ನೂರಾರು ವರ್ಷಗಳ ನಂತರದ್ದೂ ಆಗಿರಬಹುದು. ಫಲಕದಲ್ಲಿ ಇಂಥ ಹಿಂಜರಿಕೆಯ ಮಾತು ಕಂಡರೆ ನಿರಾಶರಾಗಬೇಡಿ, ಏಕೆಂದರೆ ತನಗೆ ಎಷ್ಟು ಖಚಿತವಾಗಿ ಗೊತ್ತೋ ಅಷ್ಟನ್ನೇ ಬರೆಯುವ ಸಂಗ್ರಹಾಲಯದ ಉಳಿದ ಮಾತನ್ನೂ ನಂಬಬಹುದು.

ಚಿತ್ರಗಳನ್ನು ಯಾವ ಎತ್ತರದಲ್ಲಿ ತೂಗುಹಾಕುತ್ತಾರೆ?

ಸಾಮಾನ್ಯವಾಗಿ ಚಿತ್ರದ ನಡುಬಿಂದು ನೆಲದಿಂದ 145ರಿಂದ 155 ಸೆಂ.ಮೀ. ಎತ್ತರದಲ್ಲಿರುತ್ತದೆ; ಅದು ನಿಂತಿರುವ ವಯಸ್ಕರ ಸರಾಸರಿ ಕಣ್ಣಿನ ಮಟ್ಟ. ಮಕ್ಕಳಿಗೂ ಗಾಲಿಕುರ್ಚಿಯಲ್ಲಿ ಬರುವವರಿಗೂ ಇದು ಎತ್ತರವೇ ಆಗುವುದರಿಂದ, ಸಣ್ಣ ಕೃತಿಗಳನ್ನಾದರೂ ಕೆಳಗಿಳಿಸುವುದು ಒಳ್ಳೆಯದು.

## ಬೆಳಕು, ಗಾಳಿ, ಕಾಲ

ಕೋಣೆ ಇಷ್ಟು ಕತ್ತಲಾಗಿದೆಯಲ್ಲ! ಇನ್ನೊಂದು ದೀಪ ಹಾಕಲು ಏನು ಕಷ್ಟ?

ಇದು ನಮಗೆ ಅತಿ ಹೆಚ್ಚು ಬಾರಿ ಬರುವ ಪ್ರಶ್ನೆ. ಹಾಗಾಗಿ ಸ್ವಲ್ಪ ವಿಸ್ತಾರವಾಗಿ ಉತ್ತರಿಸುತ್ತೇವೆ. ಜಲವರ್ಣ, ಮುದ್ರಣಚಿತ್ರ, ಬಣ್ಣ ಹಾಕಿದ ಬಟ್ಟೆ, ಹಸ್ತಪ್ರತಿಗಳಂಥ ಸೂಕ್ಷ್ಮ ವಸ್ತುಗಳಿಗೆ ವಸ್ತುಸಂಗ್ರಹಾಲಯಗಳು ಅನುಸರಿಸಿಕೊಂಡು ಬಂದ ಮಿತಿ 50 ಲಕ್ಸ್ (ಲಕ್ಸ್ ಎಂದರೆ ಮೇಲ್ಮೈಯ ಮೇಲೆ ಬೀಳುವ ಬೆಳಕನ್ನು ಅಳೆಯುವ ಮಾನ). ತೈಲವರ್ಣಕ್ಕೆ 150ರಿಂದ 200. ಬೇಸಗೆಯ ಮಧ್ಯಾಹ್ನದ ನೇರ ಬಿಸಿಲು ಸುಮಾರು 1,00,000 ಲಕ್ಸ್ ಇರುತ್ತದೆ ಎಂಬುದನ್ನು ನೆನೆದರೆ, ಹೊರಗಿನಿಂದ ಬಂದವರಿಗೆ ಒಳಗೆಲ್ಲ ಕತ್ತಲೆನಿಸುವುದು ಏಕೆಂದು ತಿಳಿಯುತ್ತದೆ. ಕೆಲವು ನಿಮಿಷ ತಾಳಿದರೆ ಕಣ್ಣು ಹೊಂದಿಕೊಳ್ಳುತ್ತದೆ. ಹಾಗೆ ಹೊಂದಿಕೊಂಡ ಕಣ್ಣಿಗೆ ಬಣ್ಣಗಳನ್ನು ಗುರುತಿಸಲು ಸಾಲುವಷ್ಟು ಬೆಳಕು ಎಂಬ ಕಾರಣಕ್ಕೇ 50ರ ಅಂಕಿಯನ್ನು ಆರಿಸಿಕೊಳ್ಳಲಾಯಿತು. ವಯಸ್ಸಾದವರಿಗೆ ಅಷ್ಟೇ ಸ್ಪಷ್ಟವಾಗಿ ಕಾಣಲು ಇನ್ನೂ ಹೆಚ್ಚು ಬೆಳಕು ಬೇಕೆಂಬುದೂ ನಿಜ, ಮತ್ತು ಅದನ್ನು ಮರೆಯುವ ಸಂಗ್ರಹಾಲಯ ತನ್ನ ಪ್ರೇಕ್ಷಕರಲ್ಲಿ ಒಂದು ದೊಡ್ಡ ಭಾಗವನ್ನೇ ಮರೆತಂತೆ.

ಬೆಳಕಿನ ಹಾನಿ ಕೂಡುತ್ತಾ ಹೋಗುತ್ತದೆ, ಹಿಂದಿರುಗುವುದಿಲ್ಲ. ದಿನಕ್ಕೆ 8 ಗಂಟೆಯಂತೆ ವರ್ಷದಲ್ಲಿ 300 ದಿನ 50 ಲಕ್ಸ್‌ನಲ್ಲಿಟ್ಟ ಚಿತ್ರಕ್ಕೆ 1,20,000 ಲಕ್ಸ್-ಗಂಟೆಗಳ ಬೆಳಕು ಬೀಳುತ್ತದೆ. 200 ಲಕ್ಸ್‌ನಲ್ಲಿಟ್ಟರೆ ಅಷ್ಟೇ ಹಾನಿ ಮೂರೇ ತಿಂಗಳಲ್ಲಿ ಆಗಿಹೋಗುತ್ತದೆ. ಎರಡು ಉದಾಹರಣೆಗಳು ಇದನ್ನು ಅಂಕಿಗಳಿಗಿಂತ ಚೆನ್ನಾಗಿ ಹೇಳುತ್ತವೆ. ವಿನ್ಸೆಂಟ್ ವಾನ್ ಗೋ ತನ್ನ ಮಲಗುವ ಕೋಣೆಯ ಗೋಡೆಗಳನ್ನು ನೇರಳೆ ಬಣ್ಣದಲ್ಲಿ ಬರೆದಿದ್ದ. ಬೆಳಕಿಗೆ ನಿಲ್ಲದ ಕೆಂಪು ಮಾಸಿಹೋಗಿ ಇಂದು ನಾವು ನೋಡುವುದು ನೀಲಿ ಗೋಡೆಗಳನ್ನು. ಮಾರ್ಕ್ ರಾಥ್ಕೊ ಹಾರ್ವರ್ಡ್ ವಿಶ್ವವಿದ್ಯಾಲಯಕ್ಕಾಗಿ ಬರೆದ ಐದು ದೊಡ್ಡ ಚಿತ್ರಗಳನ್ನು 1964ರಲ್ಲಿ ವಿಶಾಲ ಕಿಟಕಿಗಳಿದ್ದ ಊಟದ ಕೋಣೆಯಲ್ಲಿ ತೂಗುಹಾಕಿದರು. ಅವನು ಬಳಸಿದ್ದ ಲಿಥಾಲ್ ಕೆಂಪು ಬಿಸಿಲಿಗೆ ಮಾಸಿ, 1979ರಲ್ಲಿ ಅವುಗಳನ್ನು ತೆಗೆದು ಒಳಗಿಡಬೇಕಾಯಿತು. 2014ರಲ್ಲಿ ಅಲ್ಲಿನ ಸಂಗ್ರಹಾಲಯ ಚಿತ್ರಗಳ ಮೇಲೆ ಹೊಸ ಬಣ್ಣ ಬಳಿಯದೆ, ಕಳೆದುಹೋದ ವರ್ಣವನ್ನು ಲೆಕ್ಕ ಹಾಕಿ ಪ್ರೊಜೆಕ್ಟರಿನಿಂದ ಬೆಳಕಿನ ರೂಪದಲ್ಲಿ ಅವುಗಳ ಮೇಲೆ ಹರಿಸಿ ಪ್ರದರ್ಶಿಸಿತು. ಪ್ರತಿ ಸಂಜೆ ನಾಲ್ಕು ಗಂಟೆಗೆ ಪ್ರೊಜೆಕ್ಟರುಗಳನ್ನು ಆರಿಸುತ್ತಿದ್ದರು. ಉಳಿದಿರುವುದು ಎಷ್ಟು ಎಂಬುದನ್ನು ಪ್ರೇಕ್ಷಕರು ಆಗ ಬರಿಗಣ್ಣಿನಿಂದ ಕಾಣುತ್ತಿದ್ದರು.

ಹೋದ ಸಲ ನೋಡಿದ ಜಲವರ್ಣ ಈ ಸಲ ಇಲ್ಲ. ಮಾರಿಬಿಟ್ಟಿರಾ?

ಇಲ್ಲ, ಅದು ಕತ್ತಲಲ್ಲಿ ವಿಶ್ರಾಂತಿ ಪಡೆಯುತ್ತಿದೆ. ಮೇಲೆ ಹೇಳಿದ ಬೆಳಕಿನ ಲೆಕ್ಕದಿಂದಾಗಿ ಕಾಗದದ ಕೃತಿಗಳನ್ನು ಸಾಮಾನ್ಯವಾಗಿ ಮೂರರಿಂದ ಆರು ತಿಂಗಳಷ್ಟೇ ಹೊರಗಿಟ್ಟು, ಆಮೇಲೆ ಕೆಲವು ವರ್ಷ ಪೆಟ್ಟಿಗೆಯಲ್ಲಿಡುತ್ತಾರೆ. ವಿಶ್ರಾಂತಿಯಿಂದ ಮಾಸಿದ ಬಣ್ಣವೇನೂ ಮರಳುವುದಿಲ್ಲ, ಉಳಿದದ್ದು ಇನ್ನಷ್ಟು ಕಾಲಕ್ಕೆ ಹಂಚಿಕೆಯಾಗುತ್ತದೆ. ನಿರ್ದಿಷ್ಟ ಕೃತಿಯೊಂದನ್ನು ನೋಡಲೆಂದೇ ದೂರದಿಂದ ಬರುವವರು ಹೊರಡುವ ಮೊದಲು ವಿಚಾರಿಸಬೇಕೆಂದು ಕೋರುತ್ತೇವೆ. ಕಾರಣ ತಿಳಿಸಿ ಅರ್ಜಿ ಕೊಟ್ಟವರಿಗೆ ಉಗ್ರಾಣದಲ್ಲಿ ಮೇಜಿನ ಮೇಲಿಟ್ಟು ತೋರಿಸುವ ಪದ್ಧತಿಯೂ ಅನೇಕ ಕಡೆ ಇದೆ.

ಗೋಡೆಯಲ್ಲಿ ತೇವಾಂಶ ಅಳೆಯುವ ಪೆಟ್ಟಿಗೆ ಇಟ್ಟಿದ್ದೀರಿ. ಅಷ್ಟು ಮುಖ್ಯವೇ?

ಕ್ಯಾನ್ವಾಸು, ಮರದ ಹಲಗೆ, ಅಂಟು, ಬಣ್ಣದ ಪದರ ಇವೆಲ್ಲ ತೇವ ಹೀರಿ ಹಿಗ್ಗುತ್ತವೆ, ಒಣಗಿ ಕುಗ್ಗುತ್ತವೆ, ಆದರೆ ಒಂದೇ ಪ್ರಮಾಣದಲ್ಲಿ ಅಲ್ಲ. ಈ ಎಳೆದಾಟದಲ್ಲಿ ಬಣ್ಣ ಬಿರಿದು ಹಕ್ಕಳೆಯಾಗಿ ಏಳುತ್ತದೆ. ಎರಡನೆಯ ಮಹಾಯುದ್ಧದಲ್ಲಿ ಲಂಡನ್ನಿನ ನ್ಯಾಷನಲ್ ಗ್ಯಾಲರಿಯು ತನ್ನ ಚಿತ್ರಗಳನ್ನು ಬಾಂಬ್ ದಾಳಿಯಿಂದ ಕಾಪಾಡಲು 1941ರಲ್ಲಿ ವೇಲ್ಸ್‌ನ ಮ್ಯಾನಾಡ್ ಎಂಬಲ್ಲಿದ್ದ ಸ್ಲೇಟ್ ಕಲ್ಲಿನ ಗಣಿಯೊಳಕ್ಕೆ ಸಾಗಿಸಿ, ಅಲ್ಲಿ ಇಟ್ಟಿಗೆಯ ಕೋಣೆಗಳನ್ನು ಕಟ್ಟಿ, ತಾಪ ಮತ್ತು ತೇವವನ್ನು ಏರಿಳಿತವಿಲ್ಲದಂತೆ ಕಾಪಾಡಿತು. ಲಂಡನ್ನಿನಲ್ಲಿ ಸದಾ ದುರಸ್ತಿ ಬೇಡುತ್ತಿದ್ದ ಚಿತ್ರಗಳು ಆ ಗಣಿಯೊಳಗೆ ಬಹುಮಟ್ಟಿಗೆ ತಾವಾಗಿ ಸ್ತಿಮಿತಗೊಂಡವು; ಯುದ್ಧ ಮುಗಿದು ಹಿಂದಿರುಗಿದ ಮೇಲೆ ಹಳೆಯ ತೊಂದರೆ ಮತ್ತೆ ಕಾಣಿಸಿಕೊಂಡಿತು. ಗ್ಯಾಲರಿಗಳಲ್ಲಿ ಹವಾನಿಯಂತ್ರಣದ ಚಿಂತನೆಗೆ ಬಲ ಬಂದದ್ದು ಆ ಅನುಭವದಿಂದ.

ಬಹುಕಾಲ ಗಾಳಿಯ ತೇವಾಂಶಕ್ಕೆ ಶೇ 50ರ ಆಸುಪಾಸಿನ ಕಟ್ಟುನಿಟ್ಟಿನ ಅಂಕಿಯನ್ನೇ ಪಾಲಿಸುತ್ತಿದ್ದರು. ಅದಕ್ಕೆ ತಗಲುವ ವಿದ್ಯುತ್ತು ಅಪಾರ. ಈಚೆಗೆ ದೊಡ್ಡ ಸಂಗ್ರಹಾಲಯಗಳ ನಿರ್ದೇಶಕರ ಬೀಜೊ ಗುಂಪು, ಬಹುತೇಕ ವಸ್ತುಗಳಿಗೆ ಶೇ 40ರಿಂದ 60ರ ತೇವ ಮತ್ತು 16ರಿಂದ 25 ಡಿಗ್ರಿ ಸೆಲ್ಸಿಯಸ್ ತಾಪ ಸಾಕು, ಹಠಾತ್ ಏರಿಳಿತ ಇರಬಾರದು ಎಂಬ ನಿಲುವಿಗೆ ಬಂದಿದೆ. ಸಣ್ಣ ಸಂಸ್ಥೆಗಳಿಗೆ ಇದು ದೊಡ್ಡ ನೆರವು.

ಗಾಜಿನ ಪೆಟ್ಟಿಗೆಯೊಳಗೆ ಇಟ್ಟರೆ ವಸ್ತು ಸುರಕ್ಷಿತ ತಾನೇ?

ಪೆಟ್ಟಿಗೆ ಯಾವುದರಿಂದ ಮಾಡಿದೆ ಎಂಬುದನ್ನು ಅವಲಂಬಿಸಿದೆ. ಕೆಲವು ಮರಗಳು, ಪ್ಲೈವುಡ್, ಅಂಟು ಮತ್ತು ಬಟ್ಟೆಗಳು ಆಮ್ಲದ ಆವಿಯನ್ನೋ ಗಂಧಕದ ಅನಿಲವನ್ನೋ ಹೊರಬಿಡುತ್ತವೆ. ಮುಚ್ಚಿದ ಪೆಟ್ಟಿಗೆಯಲ್ಲಿ ಅದು ಹೊರಹೋಗಲಾರದೆ ಸೀಸವನ್ನು ಕೊರೆಯುತ್ತದೆ, ಬೆಳ್ಳಿಯನ್ನು ಕಪ್ಪಾಗಿಸುತ್ತದೆ. ಬ್ರಿಟಿಷ್ ಮ್ಯೂಸಿಯಂನ ಆಂಡ್ರ್ಯೂ ಆಡಿ 1973ರಲ್ಲಿ ರೂಪಿಸಿದ ಪರೀಕ್ಷೆ ಇದಕ್ಕೇ ಇದೆ: ಸಾಮಗ್ರಿಯ ತುಣುಕನ್ನು ಬೆಳ್ಳಿ, ತಾಮ್ರ, ಸೀಸದ ಚೂರುಗಳೊಡನೆ ತೇವವಿರುವ ಗಾಜಿನ ನಳಿಕೆಯಲ್ಲಿ ಮುಚ್ಚಿ, 60 ಡಿಗ್ರಿ ತಾಪದಲ್ಲಿ 28 ದಿನ ಇಟ್ಟು, ಲೋಹಗಳ ಮುಖ ನೋಡಿ ತೀರ್ಮಾನಿಸುತ್ತಾರೆ.

## ಕೃತಿಗಳು ಬರುವುದು, ಹೋಗುವುದು

ಸಂಗ್ರಹದ ಬಹುಭಾಗ ಉಗ್ರಾಣದಲ್ಲೇ ಇದೆಯಂತೆ. ಜನರಿಂದ ಬಚ್ಚಿಡುವುದು ಸರಿಯೇ?

ಗೋಡೆಯ ಜಾಗ ಕಡಿಮೆ, ಬೆಳಕಿನ ಮಿತಿ ಬೇರೆ; ಹಾಗಾಗಿ ಜಗತ್ತಿನಾದ್ಯಂತ ಸಂಗ್ರಹಗಳ ಅಲ್ಪಭಾಗವೇ ಒಂದು ಕಾಲಕ್ಕೆ ಹೊರಗಿರುತ್ತದೆ. ಆದರೆ ಉಗ್ರಾಣದಲ್ಲಿ ಏನಿದೆ ಎಂಬುದನ್ನೇ ಜನ ತಿಳಿಯಲಾಗದಿದ್ದರೆ ಆ ದೂರು ಸರಿಯಾದದ್ದೇ. ರಾಟರ್‌ಡ್ಯಾಮಿನ ಬಾಯ್ಮನ್ಸ್ ವಾನ್ ಬ್ಯೂನಿಂಗನ್ ಸಂಗ್ರಹಾಲಯವು 2021ರಲ್ಲಿ ತನ್ನ ಒಂದೂವರೆ ಲಕ್ಷಕ್ಕೂ ಮಿಕ್ಕಿದ ವಸ್ತುಗಳ ಉಗ್ರಾಣವನ್ನೇ ಸಾರ್ವಜನಿಕರಿಗೆ ತೆರೆಯಿತು. ಅಷ್ಟು ಅನುಕೂಲ ಇಲ್ಲದವರು ಕನಿಷ್ಠಪಕ್ಷ ಛಾಯಾಚಿತ್ರಸಹಿತ ಪಟ್ಟಿಯನ್ನಾದರೂ ಪ್ರಕಟಿಸಬೇಕು.

ಅಷ್ಟು ಹೆಸರಾದ ಚಿತ್ರಗಳು ಚಿಕ್ಕ ಸಂಗ್ರಹಾಲಯಕ್ಕೆ ಹೇಗೆ ಬರುತ್ತವೆ?

ಎರವಲಿನಿಂದ ಬರುತ್ತವೆ, ಮತ್ತು ಆ ಎರವಲಿನ ಕೆಲಸ ಪ್ರದರ್ಶನಕ್ಕೆ ಒಂದೆರಡು ವರ್ಷ ಮೊದಲೇ ಆರಂಭವಾಗುತ್ತದೆ. ಕೇಳುವ ಸಂಸ್ಥೆ ಮೊದಲು ತನ್ನ ಕಟ್ಟಡದ ವರದಿಯನ್ನು ಕೊಡಬೇಕು: ಬಾಗಿಲುಗಳ ಅಗಲ, ನೆಲ ಹೊರಬಲ್ಲ ಭಾರ, ಬೆಂಕಿ ಆರಿಸುವ ವ್ಯವಸ್ಥೆ, ರಾತ್ರಿ ಕಾವಲು, ಕಳೆದ ವರ್ಷದ ತಾಪ-ತೇವದ ದಾಖಲೆ. ಒಪ್ಪಿಗೆ ಸಿಕ್ಕ ಮೇಲೆ ಚಿತ್ರಕ್ಕೆ ಅಳತೆಯ ಪೆಟ್ಟಿಗೆ ಮಾಡಿಸಿ, ಹೊರಡುವ ಮುನ್ನ ಪ್ರತಿ ಬಿರುಕು, ಪ್ರತಿ ಗೀರನ್ನೂ ಗುರುತಿಸಿದ ಸ್ಥಿತಿ ವರದಿ ಬರೆಯುತ್ತಾರೆ. ಅನೇಕ ವೇಳೆ ಕೊಡುವ ಸಂಸ್ಥೆಯ ಒಬ್ಬರು ಪೆಟ್ಟಿಗೆಯ ಜೊತೆಯಲ್ಲೇ ಪ್ರಯಾಣಿಸುತ್ತಾರೆ. ತಲುಪಿದ ಪೆಟ್ಟಿಗೆಯನ್ನು ಹೊಸ ಕೋಣೆಯ ಹವೆಗೆ ಹೊಂದಿಕೊಳ್ಳಲೆಂದು ಸಾಮಾನ್ಯವಾಗಿ 24 ಗಂಟೆ ತೆರೆಯದೆ ಇಡುತ್ತಾರೆ. ತೆರೆದ ಮೇಲೆ ವರದಿಯನ್ನು ಕೈಯಲ್ಲಿ ಹಿಡಿದು ಚಿತ್ರದ ಪ್ರತಿ ಅಂಗುಲವನ್ನೂ ಮತ್ತೆ ಹೋಲಿಸುತ್ತಾರೆ. ದಂತದ ಕುಸುರಿಯಿದ್ದ ಕೃತಿ ದೇಶದ ಗಡಿ ದಾಟಬೇಕಿದ್ದರೆ ವನ್ಯಜೀವಿ ವ್ಯಾಪಾರದ ಅಂತರರಾಷ್ಟ್ರೀಯ ಒಪ್ಪಂದದ ಪ್ರಕಾರ ಬೇರೆಯೇ ಅನುಮತಿ ಬೇಕಾಗಬಹುದು.

ಇಷ್ಟೆಲ್ಲ ಎಚ್ಚರದ ನಡುವೆಯೂ ಅಪಾಯ ಶೂನ್ಯವಾಗುವುದಿಲ್ಲ. ಪ್ಯಾರಿಸಿನ ಲೂವ್ರ್ 2012ರಲ್ಲಿ ಫ್ರಾನ್ಸಿನ ಉತ್ತರಕ್ಕೆ, ಹಿಂದೆ ಕಲ್ಲಿದ್ದಲು ಗಣಿಯಿದ್ದ ಲಾನ್ಸ್ ಪಟ್ಟಣದಲ್ಲಿ ತನ್ನ ಶಾಖೆ ತೆರೆದು, ಡೆಲಾಕ್ರಾ 1830ರಲ್ಲಿ ಬರೆದ, ಜನರನ್ನು ಮುನ್ನಡೆಸುವ ಸ್ವಾತಂತ್ರ್ಯದೇವಿಯ ಚಿತ್ರವನ್ನು ಅಲ್ಲಿಗೆ ಕಳಿಸಿತು. 2013ರ ಫೆಬ್ರವರಿಯಲ್ಲಿ ಪ್ರೇಕ್ಷಕರೊಬ್ಬರು ಅದರ ಕೆಳಭಾಗದ ಮೇಲೆ ಮಾರ್ಕರ್ ಪೆನ್ನಿನಿಂದ ಗೀಚಿಬಿಟ್ಟರು. ಶಾಯಿ ವಾರ್ನಿಷ್ ಪದರವನ್ನು ದಾಟಿರಲಿಲ್ಲವಾಗಿ ಮರುದಿನವೇ ಅದನ್ನು ಅಲ್ಲಿಯೇ ಅಳಿಸಲು ಸಾಧ್ಯವಾಯಿತು. ಇಂಥ ಘಟನೆಯ ನಂತರ ‘ಚಿಕ್ಕ ಪಟ್ಟಣಕ್ಕೆ ದೊಡ್ಡ ಚಿತ್ರ ಕಳಿಸಬಾರದು’ ಎಂಬ ಮಾತು ಕೇಳಿಬರುವುದುಂಟು. ಚಿತ್ರಗಳ ಮೇಲಿನ ದಾಳಿಗಳು ಮಹಾನಗರಗಳಲ್ಲಿಯೂ ಆಗಿರುವಾಗ ಆ ವಾದಕ್ಕೆ ಹುರುಳಿಲ್ಲ.

ಎರವಲಿನ ಕೃತಿಗೆ ಏನಾದರೂ ಆದರೆ ಹಣ ಯಾರು ಕೊಡುತ್ತಾರೆ?

ಮೂಲ ಗೋಡೆಯಿಂದ ತೆಗೆದ ಕ್ಷಣದಿಂದ ಅದೇ ಗೋಡೆಗೆ ಮರಳುವವರೆಗೆ ಅನ್ವಯಿಸುವ, ‘ಮೊಳೆಯಿಂದ ಮೊಳೆಗೆ’ ಎಂದು ಕರೆಯುವ ವಿಮೆ ರೂಢಿಯಲ್ಲಿದೆ. ವಿಮೆಯ ಕಂತು ಚಿಕ್ಕ ಸಂಸ್ಥೆಗಳ ಕೈಗೆ ಎಟುಕದಿರುವುದರಿಂದ ಕೆಲವು ಸರ್ಕಾರಗಳು ತಾವೇ ಹೊಣೆ ಹೊರುತ್ತವೆ; ಅಮೆರಿಕ 1975ರಲ್ಲಿ, ಬ್ರಿಟನ್ 1980ರಲ್ಲಿ ಇದಕ್ಕಾಗಿ ಕಾನೂನು ಮಾಡಿದವು.

ಒಂದೇ ಒಂದು ಚಿತ್ರ ಇಟ್ಟು ಪ್ರದರ್ಶನ ಅನ್ನುತ್ತೀರಲ್ಲ, ಅದು ನ್ಯಾಯವೇ?

ಯುದ್ಧಕಾಲದ ಲಂಡನ್ ಇದಕ್ಕೆ ಉತ್ತರ ಕೊಟ್ಟಿದೆ. ಚಿತ್ರಗಳೆಲ್ಲ ಗಣಿ ಸೇರಿ ನ್ಯಾಷನಲ್ ಗ್ಯಾಲರಿಯ ಗೋಡೆಗಳು ಬರಿದಾಗಿದ್ದಾಗ, ನಾಶದ ನಡುವೆ ಬದುಕುವವರಿಗೆ ಒಳ್ಳೆಯ ಚಿತ್ರ ನೋಡುವ ಅಗತ್ಯ ಇನ್ನೂ ಹೆಚ್ಚು ಎಂದು ಜನ ಒತ್ತಾಯಿಸಿದರು. 1942ರಿಂದ ತಿಂಗಳಿಗೊಂದು ಚಿತ್ರವನ್ನು ಗಣಿಯಿಂದ ತಂದು ತೋರಿಸತೊಡಗಿದರು. ಮೊದಲು ಬಂದದ್ದು ಟಿಷಿಯನ್ನನ ಕೃತಿ. ಬಾಂಬ್ ದಾಳಿಯ ನಗರದಲ್ಲಿ ಸಾವಿರಾರು ಜನ ಆ ಒಂದು ಚಿತ್ರಕ್ಕಾಗಿ ಬಂದರು. ನೂರು ಕೃತಿಗಳ ಕೋಣೆಯಲ್ಲಿ ಕ್ಷಣಕ್ಕೊಂದರಂತೆ ದಾಟಿಹೋಗುವ ನೋಟ ಒಂದೇ ಕೃತಿಯ ಮುಂದೆ ತಾನಾಗಿ ನಿಧಾನವಾಗುತ್ತದೆ. ಹಣ ಕಡಿಮೆಯಿರುವ ಪ್ರಾದೇಶಿಕ ಸಂಗ್ರಹಾಲಯ ಹಿಂಜರಿಯದೆ ಅನುಸರಿಸಬೇಕಾದ ಮಾದರಿ ಇದು.

ನಮ್ಮ ಮನೆಯಲ್ಲಿ ಅಜ್ಜನ ಕಾಲದ ಚಿತ್ರವಿದೆ. ನೋಡಿ ಬೆಲೆ ಹೇಳುತ್ತೀರಾ?

ಏನು, ಯಾವ ಕಾಲದ್ದು, ಹೇಗೆ ಜೋಪಾನ ಮಾಡಬೇಕು ಎಂಬುದನ್ನು ಹೇಳುವುದು ಸಾಧ್ಯ. ಬೆಲೆ ಕಟ್ಟುವುದನ್ನು ಸಂಗ್ರಹಾಲಯಗಳು ಸಾಮಾನ್ಯವಾಗಿ ಒಪ್ಪುವುದಿಲ್ಲ, ಏಕೆಂದರೆ ಮುಂದೊಂದು ದಿನ ಅದೇ ಕೃತಿಯನ್ನು ಕೊಳ್ಳಬಹುದಾದವರು ಅದರ ಬೆಲೆ ಹೇಳುವುದು ಸಲ್ಲದು. ನಮಗೆ ತೋರಿಸಲು ತರುವವರೆಗೆ ಅದನ್ನು ಬಿಸಿಲು ಬೀಳುವ ಗೋಡೆಯಿಂದಲೂ ತೇವದ ಹೊರಗೋಡೆಯಿಂದಲೂ ದೂರವಿಡಿ, ಒದ್ದೆ ಬಟ್ಟೆಯಿಂದ ಒರೆಸಬೇಡಿ. ಹಿಂಬದಿಯ ಹಳೆಯ ಚೀಟಿಗಳನ್ನಂತೂ ಎಂದೂ ಕೀಳಬೇಡಿ. ಚಿತ್ರದ ಚರಿತ್ರೆ ಅನೇಕ ಸಲ ಅಲ್ಲಿಯೇ ಅಂಟಿಕೊಂಡಿರುತ್ತದೆ.

ನಾನು ಇದೇ ಪ್ರದೇಶದ ಕಲಾವಿದೆ. ನನ್ನ ಕೃತಿಗಳನ್ನು ಪ್ರದರ್ಶಿಸುತ್ತೀರಾ?

ಮುಕ್ತ ಆಹ್ವಾನವಿದ್ದಾಗ ಅರ್ಜಿ ಹಾಕಿ. ಇಲ್ಲದಿದ್ದಾಗ ಹತ್ತು ಹನ್ನೆರಡು ಕೃತಿಗಳ ಸ್ಪಷ್ಟ ಛಾಯಾಚಿತ್ರ, ಅಳತೆ, ಮಾಧ್ಯಮ, ವರ್ಷ ಮತ್ತು ಒಂದು ಪುಟದ ಟಿಪ್ಪಣಿಯನ್ನು ಕ್ಯುರೇಟರಿಗೆ, ಅಂದರೆ ಸಂಗ್ರಹ ಮತ್ತು ಪ್ರದರ್ಶನಗಳನ್ನು ನೋಡಿಕೊಳ್ಳುವವರಿಗೆ, ಕಳಿಸಿ. ಟಿಪ್ಪಣಿಯಲ್ಲಿ ನಿಮ್ಮ ಕೃತಿಗೂ ಸಂಗ್ರಹದಲ್ಲಿರುವ ಯಾವುದಾದರೂ ವಸ್ತುವಿಗೂ ಇರುವ ಸಂಬಂಧವನ್ನು ಹೇಳಿದರೆ ಅದು ಖಂಡಿತ ಗಮನ ಸೆಳೆಯುತ್ತದೆ. ಜೀವಂತ ಕಲಾವಿದರ ಕೃತಿಗಳನ್ನು ಕೊಂಡು, ಶಾಲೆ, ಗ್ರಂಥಾಲಯ, ಸಣ್ಣ ಸಭಾಂಗಣಗಳಿಗೆ ಸಂಚಾರಕ್ಕೆ ಕಳಿಸುವ ಪ್ರಾದೇಶಿಕ ನಿಧಿಗಳನ್ನು ಫ್ರಾನ್ಸ್ 1982ರಿಂದ ನಡೆಸಿಕೊಂಡು ಬಂದಿದೆ. ಪ್ರದೇಶದ ಕಲಾವಿದರನ್ನು ಸತ್ತ ಮೇಲಷ್ಟೇ ಗುರುತಿಸುವ ಚಾಳಿಗೆ ಇದಕ್ಕಿಂತ ಒಳ್ಳೆಯ ಮದ್ದು ನಮಗೆ ಕಂಡಿಲ್ಲ.

## ಕಠಿಣ ಪ್ರಶ್ನೆಗಳು

ಗೋಡೆಯ ಮೇಲಿರುವುದು ಅಸಲಿ ಅಂತ ಹೇಗೆ ನಂಬುವುದು?

ಕುರುಡಾಗಿ ನಂಬಬೇಕಿಲ್ಲ. ದಕ್ಷಿಣ ಫ್ರಾನ್ಸಿನ ಎಲ್ನ್ ಪಟ್ಟಣದಲ್ಲಿ, ಅಲ್ಲಿಯೇ ಹುಟ್ಟಿ 1922ರಲ್ಲಿ ತೀರಿಕೊಂಡ ಎಟಿಯೆನ್ ತೆರೂಸ್ ಎಂಬ ಚಿತ್ರಕಾರನಿಗೆ ಮೀಸಲಾದ ಸಂಗ್ರಹಾಲಯವಿದೆ. 2018ರಲ್ಲಿ ಕಲಾ ಇತಿಹಾಸಕಾರರೊಬ್ಬರು ಪರಿಶೀಲಿಸಿದಾಗ ಅಲ್ಲಿನ 140 ಕೃತಿಗಳಲ್ಲಿ 82 ನಕಲಿಯೆಂದು ಹೊರಬಿತ್ತು. ಒಂದು ಚಿತ್ರದಲ್ಲಿದ್ದ ಕಟ್ಟಡ ಕಲಾವಿದ ಸತ್ತ ಎಷ್ಟೋ ವರ್ಷಗಳ ನಂತರ ಕಟ್ಟಿದ್ದಾಗಿತ್ತು. ಪಟ್ಟಣದ ಆಡಳಿತ ಅದನ್ನು ಮುಚ್ಚಿಡದೆ ಜನರೆದುರು ಹೇಳಿತು, ಪೊಲೀಸರಿಗೆ ದೂರು ಕೊಟ್ಟಿತು. ತಮ್ಮವನೆಂಬ ಅಭಿಮಾನದಲ್ಲಿ ಕೊಂಡ ಕೃತಿಗಳ ಬಗ್ಗೆ ಹೀಗೆ ಹೇಳಿಕೊಳ್ಳಲು ಎಷ್ಟು ಧೈರ್ಯ ಬೇಕೆಂಬುದನ್ನು ಈ ಕೆಲಸದಲ್ಲಿರುವವರೆಲ್ಲ ಬಲ್ಲರು.

ದೊಡ್ಡವರೂ ಮೋಸಹೋಗಿದ್ದಾರೆ. ಡಚ್ ಚಿತ್ರಕಾರ ಹಾನ್ ವಾನ್ ಮೇಗರೆನ್ ತಾನೇ ಬರೆದ ಚಿತ್ರವೊಂದನ್ನು ಹದಿನೇಳನೆಯ ಶತಮಾನದ ಪ್ರಸಿದ್ಧ ಚಿತ್ರಕಾರ ವರ್ಮೀರನದೆಂದು ನಂಬಿಸಿ, ಅದು ರಾಟರ್‌ಡ್ಯಾಮಿನ ಬಾಯ್ಮನ್ಸ್ ಸಂಗ್ರಹಾಲಯವನ್ನು ಸೇರಿತು. 1945ರಲ್ಲಿ ಅವನೇ ಒಪ್ಪಿಕೊಳ್ಳುವವರೆಗೂ ಗುಟ್ಟು ಬಯಲಾಗಲಿಲ್ಲ. ಬಣ್ಣ ಹಳೆಯದರಂತೆ ಗಟ್ಟಿಯಾಗಲು ಅವನು ಬೆರೆಸಿದ್ದ ಕೃತಕ ರಾಳವನ್ನು ರಾಸಾಯನಿಕ ಪರೀಕ್ಷೆ ಪತ್ತೆಹಚ್ಚಿತು. ಇಂದು ಅತಿಗೆಂಪು ಕಿರಣ, ಎಕ್ಸ್-ರೇ ಮತ್ತು ವರ್ಣದ್ರವ್ಯದ ವಿಶ್ಲೇಷಣೆ ನೆರವಿಗಿವೆ. ಆದರೂ ಎಲ್ನ್ ಪಟ್ಟಣದಲ್ಲಿ ಆದಂತೆ, ಆ ನೆಲವನ್ನು ಚೆನ್ನಾಗಿ ಬಲ್ಲ ಕಣ್ಣು ಯಂತ್ರಕ್ಕಿಂತ ಮೊದಲು ಎಚ್ಚರಗೊಳ್ಳುತ್ತದೆ.

ಕದ್ದ ಅಥವಾ ಬಲವಂತದಿಂದ ಕಿತ್ತುಕೊಂಡ ಕೃತಿಗಳನ್ನು ಪ್ರದರ್ಶಿಸುವ ಅಪಾಯ ಇಲ್ಲವೇ?

ಇದೆ, ಅದನ್ನು ತಡೆಯುವ ದಾರಿಯೆಂದರೆ ಕೃತಿಯ ಒಡೆತನದ ಸರಪಳಿಯನ್ನು ಕೊಂಡಿ ಕೊಂಡಿಯಾಗಿ ಹುಡುಕುವುದು. ಕಳ್ಳಸಾಗಣೆಯ ವಿರುದ್ಧ ಯುನೆಸ್ಕೊ 1970ರಲ್ಲಿ ಒಪ್ಪಂದ ರೂಪಿಸಿತು; ನಾಜಿಗಳು ಕಿತ್ತುಕೊಂಡ ಕೃತಿಗಳ ಬಗ್ಗೆ 44 ದೇಶಗಳು 1998ರಲ್ಲಿ ವಾಷಿಂಗ್ಟನ್ ತತ್ವಗಳನ್ನು ಒಪ್ಪಿದವು. ಅದೇ 1998ರ ಆರಂಭದಲ್ಲಿ, ವಿಯೆನ್ನಾದಿಂದ ನ್ಯೂಯಾರ್ಕಿಗೆ ಎರವಲು ಬಂದಿದ್ದ ಎಗೋನ್ ಶೀಲೆಯ ಭಾವಚಿತ್ರವೊಂದು ಮೂಲ ಯಹೂದಿ ಮಾಲೀಕಳಿಂದ ಕಸಿದುಕೊಂಡದ್ದೆಂದು ಅವಳ ವಾರಸುದಾರರು ಹೇಳಿ, ಅದು ಕಾನೂನಿನ ವಶಕ್ಕೆ ಹೋಯಿತು. 2010ರಲ್ಲಿ ಪರಿಹಾರ ಕೊಟ್ಟು ಒಪ್ಪಂದವಾಗುವವರೆಗೆ ಪ್ರಕರಣ ನಡೆಯಿತು. ಆ ಬಳಿಕ ಎರವಲು ಕೇಳುವವರೂ ಕೊಡುವವರೂ ಈ ಚರಿತ್ರೆಯನ್ನು ಮೊದಲೇ ಪರಿಶೀಲಿಸುತ್ತಾರೆ. ಸರಪಳಿಯಲ್ಲಿ ಬಿಟ್ಟುಹೋದ ವರ್ಷಗಳಿದ್ದರೆ ಅದನ್ನು ಫಲಕದಲ್ಲಿಯೇ ಬರೆಯಬೇಕೆಂಬುದು ನಮ್ಮ ದೃಢ ಅಭಿಪ್ರಾಯ.

ಪ್ರದರ್ಶನ ಮುಗಿದ ಮೇಲೆ ಏನು ಉಳಿಯುತ್ತದೆ?

ಎರವಲಿನ ಕೃತಿಗಳನ್ನು ಬಂದಾಗಿನ ವರದಿಯೊಡನೆ ಮತ್ತೊಮ್ಮೆ ಹೋಲಿಸಿ, ಅವೇ ಪೆಟ್ಟಿಗೆಗಳಲ್ಲಿ ಕಳಿಸುತ್ತಾರೆ. ಮೊಳೆಯ ತೂತುಗಳಿಗೆ ಪುಟ್ಟಿ ತುಂಬಿ ಗೋಡೆಗೆ ಬಣ್ಣ ಹೊಡೆಯುತ್ತಾರೆ. ಕೈಪಿಡಿ ಅಚ್ಚಾಗಿದ್ದರೆ ಅದು ಉಳಿಯುತ್ತದೆ, ಮತ್ತು ಎಷ್ಟೋ ಬಾರಿ ಆ ಪ್ರದೇಶದ ಕಲಾವಿದರ ಬಗ್ಗೆ ಇರುವ ಏಕೈಕ ಮುದ್ರಿತ ಬರಹ ಅದೇ ಆಗಿರುತ್ತದೆ. ಸಂಗ್ರಹಾಲಯದ ಸ್ವಂತ ಕೃತಿಗಳು ಉಗ್ರಾಣಕ್ಕೆ ಮರಳುವಾಗ ಪ್ರತಿಯೊಂದರ ಕಡತದಲ್ಲಿ ಒಂದು ಸಾಲು ಸೇರುತ್ತದೆ: ಯಾವ ತಾರೀಖಿನಿಂದ ಯಾವ ತಾರೀಖಿನವರೆಗೆ, ಎಷ್ಟು ಲಕ್ಸ್‌ನಲ್ಲಿ, ಒಟ್ಟು ಎಷ್ಟು ಗಂಟೆ. ಇಪ್ಪತ್ತು ವರ್ಷಗಳ ನಂತರ ಅದೇ ಜಲವರ್ಣವನ್ನು ಹೊರತೆಗೆಯಲು ಬಯಸುವ ಕ್ಯುರೇಟರ್, ಅದಕ್ಕೆ ಇನ್ನೆಷ್ಟು ಬೆಳಕನ್ನು ಕೊಡಬಹುದು ಎಂದು ತೀರ್ಮಾನಿಸುವ ಮೊದಲು ಓದುವುದು ಆ ಸಾಲನ್ನು.